ಒಂದು ನಿಮಿಷ ನಲವತ್ತು ಸೆಕೆಂಡು

ಜಪಾನಿನಲ್ಲಿ ಯಾರಾದರೂ ಅಂದವಾಗಿ ಸುತ್ತಿದ ಸಿಹಿ ಡಬ್ಬಿ ಹಿಡಿದು ನಿಮ್ಮ ಕಚೇರಿಗೆ ಬಂದರೆ, ಬಾಯಲ್ಲಿ ನೀರೂರಿಸಿಕೊಳ್ಳುವ ಮೊದಲು ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹದಿನಾಲ್ಕು ವರ್ಷ ಇಲ್ಲಿದ್ದು ಅನಸೂಯಾ ಕಲಿತ ಪಾಠಗಳಲ್ಲಿ ಇದೂ ಒಂದು. ಅಕ್ಟೋಬರಿನ ಆ ಮಂಗಳವಾರ ತಾನಿಗುಚಿ ಸಾನ್ ರೇಡಿಯೋ ಕೇಂದ್ರಕ್ಕೆ ತಂದ ಡಬ್ಬಿಯಲ್ಲಿ ಹೂರಣ ತುಂಬಿದ ಹನ್ನೆರಡು ಮಿಠಾಯಿಗಳಿದ್ದವು. ಡಬ್ಬಿಯ ಜೊತೆಗೆ ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ ಒಂದು ಹಾಳೆಯೂ ಇತ್ತು. ಶನಿವಾರ ಮಧ್ಯಾಹ್ನ ತನ್ನ ಕಾರ್ಯಕ್ರಮದ ಆರಂಭದಲ್ಲಿ ಅವಳು ಓದಬೇಕಾದ ಕ್ಷಮಾಪಣೆ ಅದರಲ್ಲಿತ್ತು.

ತಾನಿಗುಚಿ ಸಾನ್ ಅಲ್ಲಿನ ನದಿದಂಡೆ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಅಷ್ಟೇ ಆಗಿದ್ದರೆ ಡಬ್ಬಿಯನ್ನು ವಾಪಸು ಕಳಿಸಬಹುದಿತ್ತೇನೋ. ಅವರು ಕೇಂದ್ರದ ಕಾರ್ಯಕ್ರಮ ಪರಿಶೀಲನಾ ಮಂಡಳಿಗೂ ಅಧ್ಯಕ್ಷರು. ಬೆಣ್ಣೆಯಂಥ ದನಿಯಲ್ಲಿ, ಅವಳಿಗಿಂತ ಎರಡು ಗೇಣು ಹೆಚ್ಚು ಬಾಗಿ, ಓದಲು ಒಂದು ನಿಮಿಷ ನಲವತ್ತು ಸೆಕೆಂಡು ಹಿಡಿಯುತ್ತದೆ, ನಾನೇ ಗಡಿಯಾರ ಇಟ್ಟು ನೋಡಿದ್ದೇನೆ ಎಂದು ಹೇಳಿ ಹೋದರು. ಬೈದು ಹೋಗುವವರ ಜೊತೆ ಜಗಳವಾದರೂ ಆಡಬಹುದು. ಬಾಗಿ ಹೋಗುವವರ ಜೊತೆ ಏನು ಮಾಡುವುದು?

ಆ ಉದ್ದದ ಒಕ್ಕಣೆಯ ಸಾರ ಇಷ್ಟು: ಹಿಂದಿನ ತಿಂಗಳು ಈ ಕಾರ್ಯಕ್ರಮದಲ್ಲಿ ವಿದೇಶೀ ಶ್ರೋತೃವೊಬ್ಬರು ಭಾಷೆಯ ತೊಡಕಿನಿಂದ ತಪ್ಪಾಗಿ ಗ್ರಹಿಸಿದ ಸಂಗತಿಯೊಂದು ಪರಿಶೀಲನೆಯಿಲ್ಲದೆ ಪ್ರಸಾರವಾಯಿತು. ಇದರಿಂದ ಬಡಾವಣೆಯ ಎಲ್ಲರಿಗೂ ನೋವಾಗಿದೆ. ಹೃತ್ಪೂರ್ವಕವಾಗಿ ಕ್ಷಮೆ ಯಾಚಿಸುತ್ತೇವೆ.

ಭಾಷೆಯ ತೊಡಕಂತೆ! ಅನಸೂಯಾ ಆ ಸಾಲನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ಅವಳ ಕಿವಿ ಬಿಸಿಯಾಗಿತ್ತು.

ರೇಡಿಯೋ ಕೇಂದ್ರ ಇರುವ ಈ ಊರು ನೋಮಿಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ನೋಮಿಯ ವಿಶ್ವವಿದ್ಯಾಲಯದಲ್ಲಿ ಅನಸೂಯಾ ಅಸಿಸ್ಟೆಂಟ್ ಪ್ರೊಫೆಸರ್. ವಾರವಿಡೀ ಬ್ಯಾಟರಿಗಳ ಒಳಗಿನ ಪದರಗಳನ್ನು ಅಳೆಯುವುದು ಅವಳ ಕೆಲಸ. ಶನಿವಾರ ಮಾತ್ರ ಅವಳು ಈ ಊರಿನ ಮುಚ್ಚಿದ ಗಡಿಯಾರ ರಿಪೇರಿ ಅಂಗಡಿಯ ಮಹಡಿಗೆ ಬರುತ್ತಾಳೆ. ಅಲ್ಲಿರುವುದು ಕವಾಸೆಮಿ ಎಫ್‌ಎಂ, ಅಂದರೆ ಮಿಂಚುಳ್ಳಿ ರೇಡಿಯೋ. ಅದನ್ನು ಕಟ್ಟಿದವರು ಕಿತಾದೆ ಸಾನ್. ಎಪ್ಪತ್ತೆರಡು ವಯಸ್ಸು, ಮೊದಲು ಬಸ್ ಡ್ರೈವರ್. ಕೋಬೆಯಲ್ಲಿ ಭೂಕಂಪವಾದಾಗ ಅವರ ತಂಗಿ ಅಲ್ಲಿದ್ದಳು. ಟೀವಿಯಲ್ಲಿ ಬೀದಿಗಳು ಉರಿಯುವುದು ಕಾಣುತ್ತಿತ್ತು, ತಂಗಿಯ ಬೀದಿ ಯಾವುದು ಎಂದು ಮಾತ್ರ ಯಾರೂ ಹೇಳಲಿಲ್ಲ. ಐದು ದಿನದ ನಂತರ ಆಕೆ ಬದುಕಿದ್ದಾಳೆಂದು ತಿಳಿಯಿತು. ಬೀದಿಯ ಹೆಸರು ಹೇಳುವ ರೇಡಿಯೋ ಒಂದು ನಮ್ಮ ಊರಿಗೆ ಬೇಕು ಎಂದು ಅವರು ಹಟ ಹಿಡಿದರು. ಎರಡು ವರ್ಷ ಮನೆ ಮನೆ ಬಾಗಿಲು ತಟ್ಟಿ, ತೊಂಬತ್ತೇಳರಲ್ಲಿ ಮೊದಲ ದನಿ ಹೊರಡಿಸಿದರು.

ಬೆಳಗ್ಗೆ ಏಳಕ್ಕೆ ಊರಿನ ಸುದ್ದಿ: ಇವತ್ತು ಯಾವ ಕಸದ ದಿನ, ಯಾರು ತೀರಿಕೊಂಡರು, ಕರಡಿ ಎಲ್ಲಿ ಕಾಣಿಸಿತು. ಹತ್ತಕ್ಕೆ ಗದ್ದೆ ಮಾತು. ಮಧ್ಯಾಹ್ನ ಹನ್ನೆರಡಕ್ಕೆ, ಎಲ್ಲರೂ ಊಟಕ್ಕೆ ಕೂತಿರುವಾಗ, ಫೋನಿನಲ್ಲಿ ಊರಿನ ಮಾತುಕತೆ. ಒಡೆದ ಚರಂಡಿ ಮುಚ್ಚಳದಿಂದ ಹಿಡಿದು ಮೇಯರ್‌ವರೆಗೆ ಯಾವುದರ ಬಗ್ಗೆ ಬೇಕಾದರೂ ಕೇಳಬಹುದು. ಸಂಜೆ ಚಳಿಗಾಲದಲ್ಲಿ ಹಿಮದ ರಸ್ತೆಗಳ ವರದಿ. ಆಮೇಲೆ ಟೋಕಿಯೋದಿಂದ ಬರುವ ಹಾಡುಗಳು. ಶನಿವಾರದ ಮಧ್ಯಾಹ್ನದ ಮಾತು ಅನಸೂಯಾಳದ್ದು. ಸುತ್ತಮುತ್ತಲ ಕಾರ್ಖಾನೆಗಳ ವಿಯೆಟ್ನಾಮಿ ಹುಡುಗಿಯರು, ನೇಪಾಳಿ ಅಡುಗೆಯವರು, ನೋಮಿಯ ನಮ್ಮವರು, ಎಲ್ಲರಿಗೂ ಅರ್ಥವಾಗುವ ಸುಲಭ ಜಪಾನೀ ಭಾಷೆಯಲ್ಲಿ ಅವಳು ನಡೆಸುತ್ತಾಳೆ. ನಡುನಡುವೆ ಇಂಗ್ಲಿಷು, ಆಸೆಯಾದಾಗ ಕನ್ನಡ. ಊರಿನ ಅಜ್ಜಿಯರೂ ಅದನ್ನೇ ಕೇಳುತ್ತಾರೆ, ಏಕೆಂದರೆ ಅವಳು ನಿಧಾನವಾಗಿ ಮಾತಾಡುತ್ತಾಳೆ.

ಕೇಂದ್ರದ ಎರಡು ಪದ್ಧತಿಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಪ್ರಸಾರದಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ಸದ್ದಿಲ್ಲದೆ ಹೋದರೆ ಅದು ಅಪಘಾತ. ಹಳದಿ ದೀಪ ಹತ್ತುತ್ತದೆ, ನಿಯಂತ್ರಣ ಫಲಕದ ಮುಂದೆ ಕೂತವರು ಗುಂಡಿ ಒತ್ತಿ ಹಾಡು ಬಿಡಬೇಕು. ಆಮೇಲೆ ಒಂದು ವರದಿ ಬರೆಯಬೇಕು. ಅದರಲ್ಲಿ ಎಷ್ಟು ಹೊತ್ತು, ಯಾರು ಕೂತಿದ್ದರು, ಕಾರಣ ಏನು ಎಂಬ ಮೂರು ಕಾಲಂ. ಎರಡನೆಯದು ಇದಕ್ಕಿಂತ ವಿಚಿತ್ರ. ಆ ವರದಿ ಪರಿಶೀಲನಾ ಮಂಡಳಿಗೆ ಹೋಗುತ್ತದೆ, ಮತ್ತು ಮಂಡಳಿಯ ನಡಾವಳಿಯನ್ನು ಅದರ ಅಧ್ಯಕ್ಷರೇ ಸ್ಟುಡಿಯೋಗೆ ಬಂದು, ವರದಿಯ ಒಂದಕ್ಷರವನ್ನೂ ಬದಲಿಸದೆ, ಊರಿಗೆಲ್ಲ ಓದಿ ಹೇಳಬೇಕು. ಮೊದಲ ವರ್ಷ ಹಿಮ ಬಿದ್ದ ಒಂದು ದಿನ, ರಜೆಯಿದ್ದ ಶಾಲೆಯನ್ನು ತೆರೆದಿದೆ ಎಂದು ಕೇಂದ್ರ ಹೇಳಿಬಿಟ್ಟಿತ್ತು; ಮಕ್ಕಳು ಗೇಟಿನ ಮುಂದೆ ನಡುಗುತ್ತ ನಿಂತಿದ್ದವು. ತನ್ನ ತಪ್ಪು ಮುಚ್ಚಿಡುವ ರೇಡಿಯೋ ಊರಿನ ತಪ್ಪು ಹೇಳಲು ಯೋಗ್ಯವಲ್ಲ ಎಂದು ಆಗಿನ ಅಧ್ಯಕ್ಷರು ಈ ನಿಯಮ ಮಾಡಿದರು. ಆ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರು, ಈಗಿನ ತಾನಿಗುಚಿ ಸಾನ್ ಅವರ ತಂದೆ. ಮಗ ಒಂಬತ್ತು ವರ್ಷಗಳಿಂದ ಓದುತ್ತಿದ್ದಾರೆ. ಮೈಕಿನ ವೈರು ಸಡಿಲವಾಗಿ ಹನ್ನೆರಡು ಸೆಕೆಂಡು, ಉದ್ಘೋಷಕಿಗೆ ಕೆಮ್ಮು ಬಂದು ಹದಿನಾಲ್ಕು ಸೆಕೆಂಡು, ಇಂಥವೇ.

ಸೆಪ್ಟೆಂಬರಿನಲ್ಲಿ ಆದದ್ದು ಇದು. ಒಂದು ಗುರುವಾರ ಸಂಜೆ ಆಕಾಶ ತೂತು ಬಿದ್ದಂತೆ ಮಳೆ ಹೊಯ್ಯಿತು, ನದಿ ಏರಿತು, ದಂಡೆಯವರೆಲ್ಲ ಶಾಲೆಯ ಜಿಮ್‌ಗೆ, ಅಂದರೆ ಆಟದ ಹಾಲ್‌ಗೆ, ಹೋಗಬೇಕೆಂದು ಸೈರನ್ನು ಕೂಗಿತು. ನಿಧಿ ಮತ್ತು ಅವಳ ಗಂಡ ನಿತೀಶ್ ಏಳು ತಿಂಗಳ ಮಗಳನ್ನು ಎತ್ತಿಕೊಂಡು ಹೋದರು. ನಿಧಿ ನೋಮಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗಿ, ಚಾಮರಾಜನಗರದವಳು. ಬಾಡಿಗೆ ಕಡಿಮೆಯೆಂದು ದಂಡೆಯ ಮೇಲೆ ಮನೆ ಮಾಡಿದ್ದರು. ಜಿಮ್ ಬಾಗಿಲಲ್ಲಿ ತಾನಿಗುಚಿ ಸಾನ್ ಮೇಜು ಹಾಕಿಕೊಂಡು ಕೂತಿದ್ದರು. ಹೊದಿಕೆ ಮತ್ತು ಊಟ ಸಂಘದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಎಂದರು. ಬಾಡಿಗೆ ಮನೆಯ ಮಾಲೀಕ ಇವರ ಹೆಸರನ್ನು ಸಂಘಕ್ಕೆ ಸೇರಿಸಿಯೇ ಇರಲಿಲ್ಲ. ಬೇಕಾದರೆ ಚಪ್ಪಲಿ ಗೂಡಿನ ಹತ್ತಿರ ಕೂರಬಹುದು ಎಂದು, ಅದೇ ಬೆಣ್ಣೆಯಂಥ ದನಿಯಲ್ಲಿ, ಕ್ಷಮಿಸಿ ಎನ್ನುವ ಸುಮಿಮಾಸೆನ್ ಸೇರಿಸಿ ಹೇಳಿದರು. ಗಾಳಿಗೆ ಮುಖ ಕೊಟ್ಟು ಒಂದು ಗಂಟೆ ಕೂತ ಮೇಲೆ ಮಗುವಿನ ಕೈಕಾಲು ತಣ್ಣಗಾಯಿತು. ಅವರು ಕಾರು ತೆಗೆದು, ದಿಬ್ಬದ ಮೇಲೆ ರಾತ್ರಿಯಿಡೀ ತೆರೆದಿರುವ ಕೊಂಬಿನಿ ಅಂಗಡಿಯ ಪಾರ್ಕಿಂಗಿನಲ್ಲಿ ಬೆಳಗು ಮಾಡಿದರು.

ಶನಿವಾರ ಹನ್ನೆರಡು ಗಂಟೆಗೆ ಫೋನು ಮಾಡಿದವಳು ನಿಧಿಯೇ. ಜಪಾನೀ ಭಾಷೆಯಲ್ಲಿ ಶುರುಮಾಡಿ, ಅಳು ಬಂದು, ಕನ್ನಡಕ್ಕೆ ಇಳಿದಳು. ಅನಸೂಯಾ ಒಂದೊಂದೇ ಮಾತನ್ನು ಜಪಾನೀ ಭಾಷೆಗೆ ತಿರುಗಿಸಿ ಹೇಳುತ್ತ ಹೋದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಇಲ್ಲಿಯವರು ಯಾರೂ ಮಾಡದ ತಪ್ಪನ್ನು ಅವಳು ಆಮೇಲೆ ಮಾಡಿದಳು. ನಮ್ಮ ಕಡೆ ಯಾರಾದರೂ ಅತ್ತುಕೊಂಡು ಬಂದರೆ ಮೊದಲ ಪ್ರಶ್ನೆ ಒಂದೇ: ಯಾರಮ್ಮ ಹಾಗಂದೋರು? ಅವಳು ಅದನ್ನೇ ಕೇಳಿದಳು. ನಿಧಿ ಹೆಸರು ಹೇಳಿದಳು. ಅನಸೂಯಾ ಆ ಹೆಸರಿಗೆ ಮರ್ಯಾದೆಯಿಂದ ಸಾನ್ ಸೇರಿಸಿ, ಎರಡು ಸಲ, ಇಡೀ ಊರು ನೂಡಲ್ ಹೀರುತ್ತ ಕೂತಿದ್ದಾಗ, ಹೇಳಿಬಿಟ್ಟಳು. ಜಪಾನಿನಲ್ಲಿ ದೂರು ಹೇಳಬಹುದು, ಹೆಸರು ಹೇಳುವಂತಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದರೂ ಹೇಳುವಂತಿಲ್ಲ.

ಈಗ ಡಬ್ಬಿ ಬಂದಿತ್ತು. ಕಿತಾದೆ ಸಾನ್ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತಾಗಿದ್ದರು. ಮಂಡಳಿ ಮುನಿಸಿಕೊಂಡರೆ ಶನಿವಾರದ ಮಾತೇ ನಿಲ್ಲುತ್ತದೆ, ಆ ಅರ್ಧ ಗಂಟೆಗೂ ಟೋಕಿಯೋದ ಹಾಡು ಬರುತ್ತದೆ. ಅವರು ಓದು ಎನ್ನಲಿಲ್ಲ, ಓದಬೇಡ ಎನ್ನಲೂ ಇಲ್ಲ. ಚಹಾ ಮಾಡಿ ಕೊಟ್ಟು ಕಿಟಕಿಯ ಹೊರಗೆ ನೋಡಿದರು.

ಮನೆಯಲ್ಲಿ ಗಂಡ ನವೀನ ನೇರವಾಗಿಯೇ ಹೇಳಿದ. ಅವನು ಕೆಟ್ಟವನಲ್ಲ, ಹೆದರುಪುಕ್ಕಲ ಅಷ್ಟೆ.

"ಅನು, ನಾವಿಲ್ಲಿ ಗೆಸ್ಟ್ಸ್. ಒಂದು ಪೇಜ್ ತಾನೇ, ಓದಿ ಮುಗಿಸು. ಯಾಕೆ ಸುಮ್ನೆ ಇಶ್ಯೂ ಮಾಡ್ಕೋತೀಯ?"

"ಹದಿನಾಲ್ಕು ವರ್ಷ ಯಾರಾದ್ರೂ ಗೆಸ್ಟ್ ಆಗಿರ್ತಾರೇನೋ? ಗೆಸ್ಟ್ ಕೈಲಿ ಕಸದ ಡ್ಯೂಟಿ ಮಾಡಿಸ್ತಾರಾ? ಹಿಮ ಎತ್ತಿಸ್ತಾರಾ?" ಎಂದಳು ಅವಳು. ನವೀನ ಕುಕ್ಕರಿನ ವಿಷಲ್ ಎಣಿಸಿದ.

ಬುಧವಾರ ಅವಳು ನಿಧಿಯ ಮನೆಗೆ ಹೋದಳು. ಹುಡುಗಿ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಹಾಳೆಯನ್ನು ತೆಗೆದುಕೊಂಡು, ನಿಘಂಟಿನ ಹಂಗಿಲ್ಲದೆ, ಕಷ್ಟದ ಕಾಂಜಿ ಅಕ್ಷರಗಳನ್ನೂ ಬಿಡದೆ ಓದಿದಳು. ಜಪಾನೀ ಭಾಷಾ ಪರೀಕ್ಷೆಯಲ್ಲಿ ಮೇಲಿನಿಂದ ಎರಡನೇ ಹಂತ ಪಾಸು ಮಾಡಿದ್ದವಳು ಅವಳು.

"ಅಕ್ಕಾ, ನಮ್ಮಿಂದ ನಿಮ್ಗೆ ತೊಂದ್ರೆ ಬೇಡ. ಸಾರಿ ಕೇಳ್ಬೇಕಾ, ಕೇಳ್ಬಿಡಿ. ನಾನೂ ಬಂದು ಬೇಕಾದ್ರೆ ಕೇಳ್ತೀನಿ," ಎಂದಳು. ಮಗುವಿನ ಬಾಯಿ ಒರೆಸಿದಳು. "ಆದ್ರೆ ನಂಗೆ ಅರ್ಥ ಆಗ್ಲಿಲ್ಲ ಅಂತ ಮಾತ್ರ ಓದ್ಬೇಡಿ. ನಂಗೆ ಎಲ್ಲಾ ಚೆನ್ನಾಗಿ ಅರ್ಥ ಆಗಿತ್ತು. ಅದಕ್ಕೇ ಅತ್ತಿದ್ದು."

ಅನಸೂಯಾಳಿಗೆ ಅಷ್ಟು ಸಾಕಾಯಿತು. ಇನ್ನು ಸತ್ತರೂ ಆ ಹಾಳೆ ಓದುವುದಿಲ್ಲ ಎಂದು ಅವಳು ಅಲ್ಲಿಯೇ ನಿರ್ಧರಿಸಿದಳು. ಓದುವುದಿಲ್ಲ ಸರಿ, ಮಾಡುವುದೇನು? ಮೈಕಿನ ಮುಂದೆ ಜಗಳವಾಡಿದರೆ, ನೋಡಿ, ಇವರಿಗೆ ರೀತಿನೀತಿ ಗೊತ್ತಿಲ್ಲ ಎಂದು ಆ ಅರ್ಧ ಗಂಟೆಗೆ ಬೀಗ ಹಾಕುತ್ತಾರೆ. ಓದಿದರೆ ಸುಳ್ಳು ನಿಜವಾಗುತ್ತದೆ.

ಗುರುವಾರ ಲ್ಯಾಬ್ ಮುಗಿಸಿ ಅವಳು ಕೇಂದ್ರಕ್ಕೆ ಹೋಗಿ ಹಳೆಯ ಕಡತಗಳನ್ನು ತೆಗೆದಳು. ಕಿತಾದೆ ಸಾನ್ ಓದಿದ ಒಂದು ಚೀಟಿಯನ್ನೂ ಎಸೆಯುವವರಲ್ಲ. ಮೊದಲ ದಿನದ ಕಸದ ಸುದ್ದಿಯೂ ಅಲ್ಲಿದೆ. ಮಳೆಯ ನಂತರದ ಸೋಮವಾರದ ಬೆಳಗಿನ ಸುದ್ದಿಯಲ್ಲಿ, ಕರಡಿಗೂ ಕಸಕ್ಕೂ ನಡುವೆ, ಎರಡು ಸಾಲು ಸಿಕ್ಕಿತು. ದಂಡೆ ಬಡಾವಣೆಯ ಜಿಮ್‌ಗೆ ಪುರಸಭೆ ಕಳಿಸಿದ್ದ ಅರವತ್ತು ಹೊದಿಕೆಗಳಲ್ಲಿ ಬಳಸದೆ ಉಳಿದ ಹದಿನೆಂಟನ್ನು ಸಂಘದವರು ಅಂದವಾಗಿ ಮಡಚಿ ಹಿಂದಿರುಗಿಸಿದ್ದಾರೆ, ಅವರಿಗೆ ಧನ್ಯವಾದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಜಪಾನಿಗೂ ಸಲ್ಲುವ ಮಾತೆಂದು ಅವಳಿಗೆ ಅನಿಸಿತು. ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಕಿತಾದೆ ಸಾನ್ ಕನ್ನಡಕ ಏರಿಸಿ ನೋಡಿದರು. ಆ ಸುದ್ದಿ ಓದಿದ್ದು ಅವರೇ. ಅವರ ಮುಖ ಬಾಡಿತು.

ಅವಳಿಗೆ ಭದ್ರಾವತಿಯ ಜಲಜತ್ತೆ ನೆನಪಾದಳು. ಆಕಾಶವಾಣಿಯ ಡ್ಯೂಟಿ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಊಟದ ನಡುವೆ ರೇಡಿಯೋ ಮೌನವಾದರೆ ಅತ್ತೆಯ ತುತ್ತು ಅರ್ಧದಲ್ಲಿ ನಿಲ್ಲುತ್ತಿತ್ತು. ಉದ್ಘೋಷಕ ಏನು ಬೇಕಾದರೂ ತಪ್ಪು ಮಾತಾಡಲಿ, ಜನ ಮರೆಯುತ್ತಾರೆ. ಸುಮ್ಮನಾದರೆ ಮಾತ್ರ ಎಲ್ಲರೂ ತಲೆಯೆತ್ತಿ ರೇಡಿಯೋ ಕಡೆ ನೋಡುತ್ತಾರೆ ಎನ್ನುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಗಾದೆ ಹೇಳಿದರೆ, ನಮ್ಮ ಇಲಾಖೆಯಲ್ಲಿ ಮೌನಕ್ಕೆ ಮೆಮೋ ಎಂದು ನಗುತ್ತಿದ್ದಳು. ಅನಸೂಯಾ ಗೋಡೆಗೆ ಅಂಟಿಸಿದ್ದ ಅಪಘಾತ ವರದಿಯ ನಮೂನೆಯನ್ನು ತುಂಬ ಹೊತ್ತು ನೋಡಿದಳು. ಮೂರನೆಯ ಕಾಲಂ ದೊಡ್ಡದಾಗಿಯೇ ಇತ್ತು.

ಶನಿವಾರ ಹನ್ನೆರಡು ಹೊಡೆಯಿತು. ಗಾಜಿನ ಆಚೆ ಫಲಕದ ಮುಂದೆ ಕಿತಾದೆ ಸಾನ್. ಅವಳು ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಪಾಪ ಅವರೂ ಪಾಲುದಾರರಾಗುತ್ತಿದ್ದರು. ಎಲ್ಲರಿಗೂ ನಮಸ್ಕಾರ ಹೇಳಿ, ಈಗ ನನಗೆ ಕೊಟ್ಟಿರುವ ಒಂದು ಹಾಳೆಯನ್ನು ಓದುವ ಸಮಯ, ಅದಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡು ಬೇಕು ಎಂದಳು. ಹಾಳೆಯನ್ನು ಬಿಡಿಸಿ ಮುಂದೆ ಇಟ್ಟುಕೊಂಡಳು. ಗಡಿಯಾರ ನೋಡಿದಳು. ಬಾಯಿ ಮುಚ್ಚಿದಳು.

ಮೂರು ಸೆಕೆಂಡಿಗೆ ಕಿತಾದೆ ಸಾನ್ ತಲೆಯೆತ್ತಿದರು. ಆರಕ್ಕೆ ಎದ್ದು ನಿಂತರು. ಹತ್ತಕ್ಕೆ ಹಳದಿ ದೀಪ ಹತ್ತಿತು. ಅವರ ಕೈ ಹಾಡಿನ ಗುಂಡಿಯ ಮೇಲೆ ಹೋಯಿತು. ಅನಸೂಯಾ ಗಾಜಿನೊಳಗಿಂದ ಅವರನ್ನು ನೋಡಿದಳು. ಬೇಡಿಕೊಳ್ಳಲಿಲ್ಲ, ತಲೆ ಅಲ್ಲಾಡಿಸಲಿಲ್ಲ, ಬರಿದೆ ನೋಡಿದಳು. ತೊಂಬತ್ತೇಳರಿಂದ ಒಂದು ದಿನವೂ ಆ ಗುಂಡಿ ಒತ್ತಲು ತಡಮಾಡದ ಆ ಹಿರಿಯರು, ಕೈ ಹಿಂದಕ್ಕೆ ತೆಗೆದುಕೊಂಡು, ಕುರ್ಚಿಯಲ್ಲಿ ಕೂತು, ಕನ್ನಡಕ ಬಿಚ್ಚಿ ಅಂಗಿಯ ತುದಿಯಿಂದ ಒರೆಸತೊಡಗಿದರು.

ಒಂದು ನಿಮಿಷ ನಲವತ್ತು ಸೆಕೆಂಡು ಎಷ್ಟು ಉದ್ದವೆಂದು ಕೂತು ನೋಡಿದವರಿಗೇ ಗೊತ್ತು. ಜಲಜತ್ತೆಯ ಅರ್ಧಕ್ಕೆ ನಿಂತ ತುತ್ತು ಅವಳ ಕಣ್ಣಮುಂದೆ ಬಂತು. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು, ಸಿಟ್ಟಿನ ಜೊತೆಗೆ ಹೇಳಲಾಗದಂಥ ಒಂದು ಖುಷಿಯೂ ಇತ್ತು. ನಲವತ್ತನೆಯ ಸೆಕೆಂಡಿಗೆ ಮೊದಲ ಫೋನಿನ ದೀಪ ಮಿನುಗಿತು. ಒಂದು ನಿಮಿಷಕ್ಕೆ ನಾಲ್ಕೂ ಮಿನುಗುತ್ತಿದ್ದವು. ಊರು ತಲೆಯೆತ್ತಿ ನೋಡುತ್ತಿತ್ತು. ಮುಳ್ಳು ಸರಿಯಾದ ಜಾಗಕ್ಕೆ ಬಂದಾಗ ಅವಳು ಹಾಳೆಯನ್ನು ಮಡಚಿ, ಈಗ ಕರಡಿಯ ಸುದ್ದಿ, ಎಂದಳು. ಕರಡಿಯನ್ನು ಸೆಳೆಯುವ ಪರ್ಸಿಮನ್ ಹಣ್ಣಿನ ಮರ ಇರುವವರು ದಯವಿಟ್ಟು ಹಣ್ಣು ಕೊಯ್ದುಬಿಡಬೇಕೆಂದು ವಿನಂತಿಸಿದಳು.

ಕಾರ್ಯಕ್ರಮ ಮುಗಿದ ಮೇಲೆ ಕಿತಾದೆ ಸಾನ್ ನಮೂನೆ ತಂದು ಮುಂದಿಟ್ಟರು. ಮೊದಲ ಎರಡು ಕಾಲಂ ಅವರೇ ತುಂಬಿದ್ದರು. ಕಾರಣವನ್ನು ಮೈಕಿನ ಮುಂದೆ ಕೂತವರೇ ಬರೆಯಬೇಕು ಎಂದರು. ಅನಸೂಯಾ ತನ್ನ ದುಂಡು ಅಕ್ಷರದಲ್ಲಿ, ಒಂದೂ ಕಟುಮಾತಿಲ್ಲದೆ, ಲ್ಯಾಬಿನ ಟಿಪ್ಪಣಿಯಂತೆ ಬರೆದಳು. ಓದಲು ಕೊಟ್ಟ ಹಾಳೆಯಲ್ಲಿ ಶ್ರೋತೃವಿಗೆ ಭಾಷೆ ಅರ್ಥವಾಗಲಿಲ್ಲ ಎಂದಿತ್ತು. ಶ್ರೋತೃವಿಗೆ ಭಾಷೆ ಅರ್ಥವಾಗಿತ್ತು. ಏಳು ತಿಂಗಳ ಮಗುವಿಗೆ ಹೊದಿಕೆ ಸಿಗಲಿಲ್ಲ. ಅಂದು ಜಿಮ್‌ನಲ್ಲಿ ಹದಿನೆಂಟು ಹೊದಿಕೆ ಉಳಿದಿದ್ದವೆಂದು ಈ ಕೇಂದ್ರವೇ ಪ್ರಸಾರ ಮಾಡಿದೆ. ಸುಳ್ಳನ್ನು ಓದಲು ಉದ್ಘೋಷಕಿಗೆ ದನಿ ಬರಲಿಲ್ಲ. ಕಿತಾದೆ ಸಾನ್ ಎರಡು ಸಲ ಓದಿ, ಮೊಹರನ್ನು ಕೆಂಪು ಶಾಯಿಗೆ ಒತ್ತಿ, ತಮ್ಮ ಹೆಸರಿನ ಮುಂದೆ ನೇರವಾಗಿ ಹಾಕಿದರು. ಗುಂಡಿ ಯಾಕೆ ಒತ್ತಲಿಲ್ಲ ಎಂದು ಯಾರಾದರೂ ಕೇಳಿದರೆ, ಎಂದು ಅವಳು ಅನುಮಾನಿಸಿದಳು. ಕನ್ನಡಕ ಇರಲಿಲ್ಲವಲ್ಲ, ಗುಂಡಿ ಕಾಣಿಸಲಿಲ್ಲ ಎಂದರು ಅವರು.

ನವೆಂಬರ್ ಮೊದಲ ವಾರ ಮಂಡಳಿ ಸೇರಿತು. ತಾನಿಗುಚಿ ಸಾನ್ ಕಾರಣದ ಕಾಲಂ ಅನ್ನು ಸ್ವಲ್ಪ ಸಂಕ್ಷಿಪ್ತಗೊಳಿಸಬಹುದೇ ಎಂದು ಮೆಲ್ಲಗೆ ಕೇಳಿದರು. ಅವರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಂಡಳಿಯಲ್ಲಿ ಎಂಬತ್ತು ದಾಟಿದ ಶಿಶುವಿಹಾರದ ಮೇಡಂ ಒಬ್ಬರಿದ್ದರು. ಒಂದಕ್ಷರವೂ ಬದಲಿಸಬಾರದೆಂದು ನಿಯಮ ಮಾಡಿದವರು ನಿಮ್ಮ ತಂದೆ, ಅವರ ಫೋಟೋ ನಿಮ್ಮ ಹಿಂದಿನ ಗೋಡೆಯ ಮೇಲೇ ಇದೆ ಎಂದು ಅವರು ನೆನಪಿಸಿದರು. ವರದಿ ಇದ್ದ ಹಾಗೆಯೇ ಉಳಿಯಿತು. ಏಪ್ರಿಲ್‌ನ ಹೊಸ ಕಾರ್ಯಕ್ರಮ ಪಟ್ಟಿಯಲ್ಲಿ ಶನಿವಾರದ ಮಾತು ಇರಬೇಕೇ ಎಂದು ಮಂಡಳಿ ಯೋಚಿಸಲಿದೆ ಎಂದಷ್ಟೇ ತಾನಿಗುಚಿ ಸಾನ್ ಸೇರಿಸಿದರು. ಅದನ್ನು ಕೇಳಿದ ಅನಸೂಯಾ ಕ್ಯಾಲೆಂಡರ್ ತೆಗೆದು ಎಣಿಸಿದಳು. ಏಪ್ರಿಲ್‌ಗೆ ಇನ್ನೂ ಇಪ್ಪತ್ತೊಂದು ಶನಿವಾರಗಳಿದ್ದವು.

ಅದರಲ್ಲಿ ಮೊದಲನೆಯದಕ್ಕೆ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ, ತಾನಿಗುಚಿ ಸಾನ್ ಕಪ್ಪು ಕೋಟು ತೊಟ್ಟು ಸ್ಟುಡಿಯೋಗೆ ಬಂದು ಅವಳ ಎದುರು ಕೂತರು. ಒಳ್ಳೆಯ ಕಂಠ, ಅದನ್ನು ಒಪ್ಪಲೇಬೇಕು. ಶ್ರೋತೃವಿಗೆ ಭಾಷೆ ಅರ್ಥವಾಗಿತ್ತು ಎಂಬಲ್ಲಿ ಅವರ ದನಿ ನಡುಗಲಿಲ್ಲ. ಮಗುವಿನ ಸಾಲನ್ನೂ ದಾಟಿದರು. ಹದಿನೆಂಟು ಎಂದವರು ಅಲ್ಲಿ ನಿಂತುಬಿಟ್ಟರು. ನಾಲ್ಕು ಸೆಕೆಂಡು, ಐದು, ಆರು. ಕಿತಾದೆ ಸಾನ್ ಅವರ ಕೈ ಗುಂಡಿಯತ್ತ ಸರಿಯಿತು. ಅನಸೂಯಾ ಆ ಮನುಷ್ಯನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಕನಿಕರ ಬರಲಿಲ್ಲ, ಬರಲಿಲ್ಲವೆಂದು ನಾಚಿಕೆಯೂ ಆಗಲಿಲ್ಲ. ಒಂಬತ್ತಕ್ಕೆ ಅವರು, ಹದಿನೆಂಟು ಹೊದಿಕೆ ಉಳಿದಿದ್ದವು, ಎಂದು ಪೂರ್ತಿ ಓದಿದರು. ಕೊನೆಯ ಸಾಲನ್ನೂ ಬಿಡಲಿಲ್ಲ. ಹಾಳೆ ಮಡಚಿ, ಯಾರಿಗೂ ಕಾಣದ ಊರಿಗೆ, ಮೈಕಿಗೆ, ಬಾಗಿದರು. ಹೊರಡುವಾಗ ಅವಳ ಕಡೆ ನೋಡಲಿಲ್ಲ.

ಹನ್ನೆರಡಾಯಿತು. ಮೊದಲ ಫೋನು ಮಿನುಗಿತು. ಅನಸೂಯಾ ಎತ್ತಿಕೊಂಡಳು. ಹಿಂದೆ ಮಗುವೊಂದು ಏನನ್ನೋ ಬಡಿಯುತ್ತಿರುವ ಸದ್ದು. ಸುಲಭ ಜಪಾನೀ ಭಾಷೆಯಲ್ಲಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವಳು ಕನ್ನಡದಲ್ಲಿ ಕೇಳಿದಳು, ಊರಿಗೆಲ್ಲ ಕೇಳುವ ಹಾಗೆ.

"ನಿಧಿ, ಈಗ ಓದಿದ್ದು ಕೇಳಿಸ್ತಾ?"

"ಕೇಳಿಸ್ತು ಅಕ್ಕಾ," ಎಂದಳು ನಿಧಿ. ಆಮೇಲೆ ಅದನ್ನೇ ಜಪಾನೀ ಭಾಷೆಯಲ್ಲಿ, ಒಂದೊಂದು ಶಬ್ದವನ್ನೂ ಬಿಡಿಸಿ, ಅಜ್ಜಿಯರಿಗೂ ತಿಳಿಯುವಷ್ಟು ನಿಧಾನವಾಗಿ ಹೇಳಿದಳು: ಕೇಳಿಸಿತು, ಪೂರ್ತಿ ಅರ್ಥವೂ ಆಯಿತು.